ಅಣ್ಣನ ಗಾಡಿಯ ಕ್ಲಚ್ಚು

ಹುಮನಾಬಾದಿನಲ್ಲಿ ಹೈದರಾಬಾದಿಗೆ ಹೋಗುವ ಸಡಕಿನ ಪಕ್ಕಕ್ಕೆ ನನ್ನ ತಗಡಿನ ಶೆಡ್ಡು ಇತ್ತು. ಕೆಟ್ಟು ನಿಂತ ಲಾರಿ, ಬಸ್ಸುಗಳ ರಿಪೇರಿ ನನ್ನ ಕಸುಬು. ಅಣ್ಣ ಕಲ್ಯಾಣಿಯಲ್ಲಿ ಡ್ರೈವರ್ ಆಗಿದ್ದ. ಈಗಿನ ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಎಂದೇ ಅನ್ನುತ್ತಿದ್ದರು. ಅಲ್ಲಿಯ ಒಂದು ದೊಡ್ಡ ಮನೆತನದ ಸಾಹೇಬರು ಹೈದರಾಬಾದಿನಿಂದ ಒಂದು ಹಳೆಯ ವಿಲಾಯತಿ ಗಾಡಿ ತರಿಸಿದ್ದರು. ಎರಡೇ ಸೀಟು, ಉದ್ದನೆಯ ಮೂತಿ, ಮೇಲೆ ಮುಚ್ಚಿಗೆ ಇಲ್ಲ. ಪಂದ್ಯದಲ್ಲಿ ಓಡಿಸುವುದಕ್ಕೆಂದೇ ಮಾಡಿದ ಗಾಡಿ ಅದು. ಸಾಹೇಬರಿಗೆ ಅದರಲ್ಲಿ ಕೂಡುವುದು ಇಷ್ಟ, ನಡೆಸುವುದಕ್ಕೆ ಧೈರ್ಯವಿರಲಿಲ್ಲ. ಹೀಗಾಗಿ ಅದನ್ನು ನಡೆಸುವ ಭಾಗ್ಯ ಅಣ್ಣನದಾಯಿತು. ಆ ಸುತ್ತಿನಲ್ಲಿ ಅಂಥ ಗಾಡಿ ಇನ್ನೊಂದು ಇರಲಿಲ್ಲ. ಅದರ ಸ್ಟೇರಿಂಗ್ ಹಿಡಿದು ಕೂತಾಗ ಅಣ್ಣನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಎರಡನೇ ಮಹಾಯುದ್ಧದ ಲಡಾಯಿ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಅವನು ಗಾಡಿಯನ್ನು ಎತ್ತಿನ ಬಂಡಿಗೆ ಕಟ್ಟಿ ಎಳೆಸಿಕೊಂಡು ಬಂದ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕ್ಲಚ್ಚು ಜಾರುತ್ತಿತ್ತು.

ಈಗಿನ ಗಾಡಿಗಳಂತೆ ಅದರಲ್ಲಿ ತಟ್ಟೆಯ ಕ್ಲಚ್ಚು ಇರಲಿಲ್ಲ. ಇಂಜಿನ್ನಿನ ದೊಡ್ಡ ಗಾಲಿಯ ನಡುವೆ ಲಾಳಿಕೆಯಂತೆ ಒಂದು ಗುಳಿ, ಆ ಗುಳಿಯೊಳಗೆ ಸರಿಯಾಗಿ ಕೂಡುವಂಥ ಇನ್ನೊಂದು ಗಾಲಿ, ಅದರ ಸುತ್ತ ಚರ್ಮದ ಪಟ್ಟಿ. ಪೆಡಲ್ ಮೇಲಿನ ಕಾಲು ಬಿಟ್ಟರೆ ಒಳಗಿನ ಸ್ಪ್ರಿಂಗು ಚರ್ಮವನ್ನು ಗುಳಿಗೆ ಒತ್ತುತ್ತದೆ, ಇಂಜಿನ್ನಿನ ಶಕ್ತಿ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಬಿಚ್ಚಿ ನೋಡಿದರೆ ಚರ್ಮ ಸುಟ್ಟು ಗಾಜಿನ ಹಾಗೆ ನುಣ್ಣಗಾಗಿತ್ತು. ಮುಂಬೈಯಿಂದ ಹೊಸದನ್ನು ತರಿಸುವ ದಾರಿ ಇರಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಮುದುಕರಿದ್ದರು, ಎಲ್ಲರಿಗೂ ಕಾಕಾ. ಅವರು ಎತ್ತಿನ ಬೆನ್ನಿನ ತೊಗಲು ಆರಿಸಿ, ನೆನೆಸಿ, ಹಿಗ್ಗಿಸಿ ಪಟ್ಟಿ ಕೊಯ್ದು ಕೊಟ್ಟರು. ನಾನು ತಾಮ್ರದ ರಿವೆಟ್ಟು ಬಡಿದು ಕೂಡಿಸಿದೆ. ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಕುಡಿಸಿ ಮೆತ್ತಗೆ ಮಾಡಿದೆ.

ಗಾಡಿಯನ್ನು ಸಡಕಿಗೆ ಇಳಿಸಿದಾಗ ಅಣ್ಣ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡ. ಗಾಡಿ ನೀರಿನ ಮೇಲೆ ಹೊರಟ ಹಾಗೆ ಹೊರಟಿತು. ಅವನ ಎಡಗಾಲು ಎಷ್ಟು ನಾಜೂಕಾಗಿತ್ತೆಂದರೆ ಗೇರು ಬದಲಾಗಿದ್ದು ಕಿವಿಗೆ ಮಾತ್ರ ತಿಳಿಯುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ.

"ತಮ್ಮಾ, ಇದು ಗಾಡಿ ಅಲ್ಲ, ಹಕ್ಕಿ ಅದ," ಅಂದ.

ಅವನು ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ನಾನು ಆಮೇಲೆ ಕೇಳಲಿಲ್ಲ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಮತ್ತೆ ಬಂತು. ಈ ಸಲ ಜಾರುತ್ತಿರಲಿಲ್ಲ, ಎಗರುತ್ತಿತ್ತು. ಹೊರಡುವಾಗ ಕೂತವರ ಕುತ್ತಿಗೆ ಮುರಿಯುವಂಥ ಝಟಕಾ. ಬಿಚ್ಚಿದೆ. ಚರ್ಮ ಒಂದು ಕಡೆ ಕರಕಾಗಿತ್ತು. ಚಾಲಕ ಸದಾ ಪೆಡಲ್ ಮೇಲೆ ಕಾಲು ಊರಿಕೊಂಡಿದ್ದರೆ ಚರ್ಮ ಅರ್ಧ ಹಿಡಿದು, ಅರ್ಧ ಜಾರಿ ಹೀಗೆ ಸುಡುತ್ತದೆ.

"ಅಣ್ಣಾ, ಪೆಡಲ್ ಮ್ಯಾಲೆ ಕಾಲು ಇಟ್ಟೇ ಓಡಸ್ತಿಯೇನು?"

"ನನಗ ಕಲಸ್ತೀ ಏನಲೇ? ನಾ ಯಾಕ ಇಡ್ಲಿ?"

ಅವನಿಗೆ ಸಿಟ್ಟು ಬಂದಿತ್ತು. ಚರ್ಮ ಕೆರೆದು ಎಣ್ಣೆ ಹಾಕಿದೆ. ಆದರೆ ಎಣ್ಣೆ ಹೆಚ್ಚಾದರೆ ಮತ್ತೆ ಜಾರುತ್ತದೆ, ಆಗ ಮುಲ್ತಾನಿ ಮಿಟ್ಟಿ ಉದುರಿಸಿ ಎಣ್ಣೆ ಹೀರಿಸಬೇಕು. ಎಣ್ಣೆ, ಮಿಟ್ಟಿ, ಮತ್ತೆ ಎಣ್ಣೆ. ಸರಿಯಾಯಿತು ಅನ್ನಿಸಿದಾಗ ಕಳಿಸಿಕೊಟ್ಟೆ. ದೀಪಾವಳಿ ಬರುವುದರೊಳಗೆ ಮತ್ತೆ ಶೆಡ್ಡಿನ ಮುಂದೆ ನಿಂತಿತ್ತು. ಅಷ್ಟೊತ್ತಿಗೆ ಲಡಾಯಿ ಜೋರಾಗಿ ಪೆಟ್ರೋಲೇ ಸಿಗದಂತಾಗಿತ್ತು. ಸಾಹೇಬರು ಅಪರೂಪಕ್ಕೆ ಹೊರಬೀಳುತ್ತಿದ್ದರು. ಅಷ್ಟು ಕಡಿಮೆ ಓಡುವ ಗಾಡಿಯ ಕ್ಲಚ್ಚು ಯಾಕೆ ಹೀಗೆ ಸುಡುತ್ತದೆ ಎಂದು ನನಗೆ ಬಗೆಹರಿಯಲಿಲ್ಲ. ಸ್ಪ್ರಿಂಗು ಬದಲಿಸಿದೆ. ಪೆಡಲ್ಲಿನ ಕೀಲು ಬದಲಿಸಿದೆ. ಕಾಕಾ ಕಡೆಯಿಂದ ಮತ್ತೆ ಹೊಸ ಚರ್ಮ ಕೂಡಿಸಿದೆ. ಅಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಮುಖ ಸೊರಗಿತ್ತು, ಹುಬ್ಬಿನ ಕೂದಲು ತೆಳ್ಳಗಾಗಿತ್ತು. ಚಿಂತೆಯಿಂದ ಹಾಗಾಗಿದೆ ಅಂದುಕೊಂಡೆ.

ಕೆಲಸ ಮುಗಿದ ಮೇಲೆ ನಾನೇ ಗಾಡಿ ಹೊರಡಿಸಿ ಕಲ್ಯಾಣಿಯ ಕಡೆಗೆ ಸ್ವಲ್ಪ ದೂರ ಹೋಗಿ ತಿರುಗಿ ಬಂದೆ. ಬೆಣ್ಣೆಯಂತೆ ನಡೆಯಿತು. ಆಮೇಲೆ ಅಣ್ಣ ಕೂತ. ಅದೇ ಗಾಡಿ, ಅದೇ ಸಡಕು. ಹೊರಟ ಕೂಡಲೆ ಎಗರಿ ಇಂಜಿನ್ ಬಂದಾಯಿತು. ಮತ್ತೆ ಚಾಲು ಮಾಡಿದ. ಮತ್ತೆ ಎಗರಿತು.

"ನೋಡು, ಇನ್ನಾ ರಿಪೇರಿ ಆಗಿಲ್ಲ," ಅಂದ.

ಮಧ್ಯಾಹ್ನವಾಗಿತ್ತು. ಬೇವಿನ ಗಿಡದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿದೆವು. ಅಣ್ಣ ಚಪ್ಪಲಿ ಕಳಚಿ ಕೂತ. ಅವನ ಎಡಗಾಲಿನ ಹಿಮ್ಮಡಿಯಲ್ಲಿ ತಾಮ್ರ ಮಿಂಚಿತು. ಶೆಡ್ಡಿನ ನೆಲದ ಮೇಲೆ ಬಿದ್ದಿದ್ದ ಒಂದು ರಿವೆಟ್ಟು ಸವೆದ ಚಪ್ಪಲಿಯನ್ನು ತೂರಿ ಮಾಂಸದೊಳಗೆ ಇಳಿದಿತ್ತು. ಸುತ್ತಲೂ ರಕ್ತ ಆರಿ ಕಪ್ಪಾಗಿತ್ತು.

"ಅಣ್ಣಾ, ಕಾಲಾಗ ರಿವೆಟ್ ಹೊಕ್ಕದ."

ಅವನು ಕಾಲು ಮಡಚಿ ನೋಡಿದ. ಬೇರೆ ಯಾರದೋ ಕಾಲನ್ನು ನೋಡಿದಂತೆ ನೋಡಿದ. ನಾನು ಇಕ್ಕಳ ತಂದು ಅದನ್ನು ಕಿತ್ತೆ. ಅವನು ಕಣ್ಣು ಸಹ ಮಿಟುಕಿಸಲಿಲ್ಲ.

"ನೋವಾಗ್ಲಿಲ್ಲೇನು?"

ಅವನು ರೊಟ್ಟಿಯನ್ನು ಬಟ್ಟೆಯಲ್ಲಿ ವಾಪಸ್ಸು ಸುತ್ತಿಟ್ಟ.

"ಮೊಣಕಾಲಿನ ಕೆಳಗ ಏನೂ ತಿಳಿಯಂಗಿಲ್ಲ ತಮ್ಮಾ. ಪೆಡಲ್ ಮ್ಯಾಲೆ ಕಾಲದ ಏನು ಇಲ್ಲ ಏನು, ಬಗ್ಗಿ ನೋಡಬೇಕು. ಗಾಡಿ ಓಡಿಸ್ಕೋತ ಹ್ಯಾಂಗ ಬಗ್ಗಿ ನೋಡ್ಲಿ?"

ಪಾಯಿಜಾಮ ಮೇಲೆತ್ತಿ ತೋರಿಸಿದ. ಮೀನಖಂಡದ ಮೇಲೆ ಅಂಗೈಯಗಲ ಬಿಳಚಿದ ಮಚ್ಚೆ. ನಮ್ಮ ಕಡೆ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ರೋಗ ಅನ್ನುತ್ತಿದ್ದರು. ನಾವಿಬ್ಬರೂ ಅಷ್ಟನ್ನೂ ಅನ್ನಲಿಲ್ಲ.

"ವೈನಿಗೆ ಗೊತ್ತದ?" ಎಂದು ಅತ್ತಿಗೆಯ ಬಗ್ಗೆ ಕೇಳಿದೆ.

"ಇಲ್ಲ. ನೀ ಬಿ ಹೇಳಬ್ಯಾಡ. ಸ್ಟೇರಿಂಗ್ ಬಿಟ್ರ ನನ್ನ ಹತ್ರ ಏನದ? ಕಾಲಿಗೆ ತಿಳಿಯದಿದ್ರ ಬ್ಯಾರೆ ಎಲ್ಲ್ಯಾರ ತಿಳಿಯೂಹಂಗ ಮಾಡಿಕೊಡು. ನಿನ್ನ ಕೈಯಾಗ ಆಗ್ತದ."

ಆ ಕೆಲಸಕ್ಕೆ ಕೈ ಹಾಕಿದೆ. ಬೇರೆ ದಾರಿ ನನಗೂ ಕಾಣಲಿಲ್ಲ. ಅವನ ತೊಡೆಗೆ ಇನ್ನೂ ಸ್ಪರ್ಶವಿತ್ತು. ಪೆಡಲ್ಲಿಗೆ ಕಬ್ಬಿಣದ ಪಟ್ಟಿ ಬೆಸೆದು ಎತ್ತರಿಸಿದೆ. ಪಾದ ಜಾರದಂತೆ ಎರಡೂ ಬದಿಗೆ ಕಿವಿ ಮಾಡಿದೆ. ಕಾಕಾ ಒಂದು ಚರ್ಮದ ವಾರು ಹೊಲಿದು ಕೊಟ್ಟರು. ಅದರ ಒಂದು ತುದಿ ಪೆಡಲ್ಲಿಗೆ, ಇನ್ನೊಂದು ಅಣ್ಣನ ತೊಡೆಗೆ. ಪೆಡಲ್ ಮೇಲೇಳುತ್ತ ಬಂದರೆ ವಾರು ಸಡಿಲಾಗುತ್ತದೆ, ಚರ್ಮ ಹಿಡಿಯುವ ಜಾಗಕ್ಕೆ ಬಂದಿತೆಂದು ಅದರಿಂದ ತಿಳಿಯಬೇಕು. ವಾರು ಯಾಕೆಂದು ಕಾಕಾ ಕೇಳಲಿಲ್ಲ. ತೊಡೆಗೆ ಬಿಗಿದು ಅಳತೆ ನೋಡುವಾಗ ಅವರ ಕೈ ಒಂದು ಗಳಿಗೆ ನಿಂತಿತು, ಅಷ್ಟೆ.

ಸಡಕಿನ ಮೇಲೆ ಬೆಳಿಗ್ಗೆಯಿಂದ ಹೊತ್ತು ಇಳಿಯುವ ತನಕ ಹೊರಡುವುದು, ನಿಲ್ಲುವುದು, ಹೊರಡುವುದು. ಅಣ್ಣ ಅಂಗಿಯೆಲ್ಲ ಬೆವೆತು ಕೂಸಿನ ಹಾಗೆ ಹೊಸದಾಗಿ ಕಲಿತ. ಸಂಜೆಗೆ ಗಾಡಿ ಒಂದಿಷ್ಟು ಮೆತ್ತಗೆ ಹೊರಟಿತು. ಅವನು ನಕ್ಕ. ನನಗೆ ನಗು ಬರಲಿಲ್ಲ.

ಆ ವಾರು ಅವನನ್ನು ಒಂದು ಚಳಿಗಾಲ ದಾಟಿಸಿತು. ಬೇಸಿಗೆಯಲ್ಲಿ ಕಲ್ಯಾಣಿಯ ಬಜಾರಿನ ಇಳಿಜಾರಿನಲ್ಲಿ ಅದು ಹರಿಯಿತು. ಸಾಹೇಬರು ಪಕ್ಕದಲ್ಲಿದ್ದರು. ಕ್ಲಚ್ಚು ಒತ್ತಿದ್ದೇನೆಂದೇ ಅಣ್ಣ ತಿಳಿದಿದ್ದ. ಕಾಲು ಪೆಡಲ್ಲಿನಿಂದ ಹೊರಗೆ ಬಿದ್ದಿತ್ತು. ಗಾಡಿ ನಿಂತಿದ್ದ ಒಂದು ಟಾಂಗಾದ ಮೇಲೆ ಹೋಯಿತು. ಮನುಷ್ಯರು ಉಳಿದರು. ಕುದುರೆಯ ಮುಂಗಾಲು ಎರಡು ತುಂಡಾಯಿತು. ಅದು ಬಿದ್ದಲ್ಲೇ ತಲೆ ಎತ್ತಿ ಎತ್ತಿ ಹಾಕುತ್ತಿತ್ತಂತೆ. ಟಾಂಗಾದವನು ಅದರ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದನಂತೆ. ಕಡೆಗೆ ಅದಕ್ಕೆ ಗುಂಡು ಹಾಕಬೇಕಾಯಿತು. ಅಣ್ಣ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಇಳಿಸಲು ಬಂದವರು ಹರಿದ ವಾರನ್ನು ನೋಡಿದರು, ಅದನ್ನು ಕಟ್ಟಿದ ಕಾಲಿನ ಮೇಲಿನ ಮಚ್ಚೆಯನ್ನೂ ನೋಡಿದರು.

ಸಾಹೇಬರು ಬೈಯಲಿಲ್ಲ. "ಕಲ್ ಸೇ ಮತ್ ಆನಾ," ನಾಳೆಯಿಂದ ಬರಬೇಡ ಎಂದಷ್ಟೇ ಹೇಳಿ ತಾವು ಅವನ ಪಕ್ಕದಲ್ಲಿ ಕೂತಿದ್ದ ಸೀಟಿನ ಮೇಲುಹೊದಿಕೆ ಸುಡಿಸಿದರು.

ವಾರದೊಳಗೆ ಅವನಿದ್ದ ಓಣಿಯಲ್ಲಿ ಅವನ ಮನೆಯವರಿಗೆ ಬಾವಿ ಬಂದಾಯಿತು. ವೈನಿ ಕೊಡ ಹಿಡಿದು ಹೋದರೆ ಹೆಂಗಸರು ದಾರಿ ಬಿಟ್ಟು ದೂರ ನಿಂತು, "ನಾವೇ ಸೇದಿ ಹಾಕ್ತೀವಿ, ನೀ ಹಗ್ಗ ಮುಟ್ಟಬ್ಯಾಡ," ಅನ್ನುತ್ತಿದ್ದರು. ನಾನು ಇಬ್ಬರನ್ನೂ ಹುಮನಾಬಾದಿಗೆ ಕರೆತಂದೆ. ಇಲ್ಲಿಗೂ ಸುದ್ದಿ ಬಂತು. ಲಾರಿಯವರು ನನ್ನ ಶೆಡ್ಡು ದಾಟಿ ಮುಂದೆ ಹೋಗಿ ನಿಲ್ಲಿಸತೊಡಗಿದರು. ಅಣ್ಣ ಅದನ್ನು ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಒಂದು ದಿನ, "ಆ ರೋಗಕ್ಕಂತನೇ ಒಂದು ದವಾಖಾನಿ ಅದಂತ, ರೈಲಿನ ಮ್ಯಾಲೆ ಹೋಗಬೇಕಂತ. ಬಿಟ್ಟು ಬಾ ನನಗ," ಅಂದ. ವೈನಿ ಜೊತೆಗೆ ಬರುತ್ತೇನೆಂದು ಸೆರಗು ಬಿಗಿದು ನಿಂತರು. ಅವನು ಒಪ್ಪಲಿಲ್ಲ.

ಅಲ್ಲಿ ಒಂದು ಬೀಜದ ಎಣ್ಣೆಯನ್ನು ಸೂಜಿಯಿಂದ ಚುಚ್ಚುತ್ತಿದ್ದರು. ಚುಚ್ಚಿದಲ್ಲಿ ಬಾವು ಬರುತ್ತಿತ್ತು, ರೋಗ ಮಾತ್ರ ಇದ್ದಲ್ಲೇ ಇತ್ತು. ನಾನು ಹೋದಾಗಲೆಲ್ಲ ಅವನು ಇನ್ನಷ್ಟು ಸಣ್ಣಗಾಗಿರುತ್ತಿದ್ದ. ಕೊನೆಯ ಸಲ ಕೈಬೆರಳುಗಳೂ ಮಡಚಿಕೊಂಡಿದ್ದವು. ಚಹಾದ ಲೋಟ ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಿದ್ದ. ನಾನು ಹಿಡಿಯಲು ಹೋದರೆ ಗದರಿಸಿದ.

"ದೂರ ಕೂಡು. ನಿನ್ನ ಕೈ ಕೆಲಸದ ಕೈ."

ಬೀಳ್ಕೊಡುವಾಗ ಗೇಟಿನ ತನಕವೂ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತ.

ಸಾಹೇಬರು ಹೊಸ ಡ್ರೈವರನ ಕೈಯಲ್ಲಿ ಗಾಡಿಯನ್ನು ಒಮ್ಮೆ ನನ್ನಲ್ಲಿಗೇ ಕಳಿಸಿದ್ದರು. ಕ್ಲಚ್ಚು ಬಿಚ್ಚಿದೆ. ಚರ್ಮಕ್ಕೆ ಏನೂ ಆಗಿರಲಿಲ್ಲ, ಎಣ್ಣೆಯಷ್ಟೇ ಬೇಕಿತ್ತು. ಎಣ್ಣೆ ಹಾಕಿ, ಎತ್ತರಿಸಿದ್ದ ಪೆಡಲ್ಲನ್ನು ಕೊಯ್ದು ಮೊದಲಿನಂತೆ ಮಾಡಿ ಕೊಟ್ಟೆ. ಆಮೇಲೆ ಆ ಗಾಡಿ ಎಲ್ಲಿ ಹೋಯಿತೋ ನಾನು ವಿಚಾರಿಸಲಿಲ್ಲ.

ಅಣ್ಣ ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಅವನನ್ನು ಅಲ್ಲೇ ಮಣ್ಣು ಮಾಡಿದ ಮೇಲೆ. ಅದಾದ ಕೆಲವು ವರ್ಷಕ್ಕೆ, ನಿಜಾಮನ ಆಳ್ವಿಕೆ ಮುಗಿದ ಮೇಲೆ, ಆ ರೋಗಕ್ಕೆ ಗುಳಿಗೆ ಬಂತು. ನುಂಗಿದರೆ ಮಚ್ಚೆ ಹಬ್ಬುವುದು ನಿಲ್ಲುತ್ತದೆ, ಬೆರಳು ಉಳಿಯುತ್ತವೆ ಎಂದು ಸರಕಾರಿ ದವಾಖಾನೆಯ ಕಂಪೌಂಡರ್ ಶೆಡ್ಡಿಗೆ ಬಂದಾಗ ಹೇಳಿದ. ಮನೆಗೆ ಹೋಗಿ ವೈನಿಗೆ ಹೇಳಿದೆ. ಅವರು ಮೊರದಲ್ಲಿ ಜೋಳ ಕೇರುತ್ತಿದ್ದರು.

"ಗುಳಗಿ? ಬರೇ ಗುಳಗಿ?" ಎಂದು ಕೇಳಿದರು.

"ಹೌದ್ರಿ ವೈನಿ."

ಅವರು ಕೇರುವುದನ್ನು ನಿಲ್ಲಿಸಲಿಲ್ಲ.