ಲಿಂಗಂಪಲ್ಲಿಯಲ್ಲಿ ಇಳಿಯದವನ ಲ್ಯಾಟಿನ್

ಲಿಂಗಂಪಲ್ಲಿ ನಮ್ಮ ಲೋಕಲ್ ರೈಲಿನ ಕೊನೆಯ ಸ್ಟೇಷನ್. ಅಲ್ಲಿ ಇಳಿಯುವುದನ್ನು ಮರೆಯಲು ಯಾರಿಗಾದರೂ ಸಾಧ್ಯವೇ? ಕಳೆದ ಗುರುವಾರ ನಾನು ಮರೆತು ತೋರಿಸಿದೆ.

ಕಲಬುರಗಿಯಿಂದ ಅಕ್ಕ ಬರುವವಳಿದ್ದಳು. ಮೊಣಕಾಲು ನೋವು. ಹನ್ನೆರಡಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್, ಅದೂ ತಿಂಗಳುಗಟ್ಟಲೆ ಕಾದು ಸಿಕ್ಕಿದ್ದು. ಆಸ್ಪತ್ರೆ ಲಿಂಗಂಪಲ್ಲಿಗೆ ಹತ್ತಿರ. ಅವಳು ಅಲ್ಲೇ ಇಳಿಯುವುದು, ನಾನು ತಾರ್ನಾಕದಿಂದ ಹೋಗಿ ಕರೆದೊಯ್ಯುವುದು ಎಂದು ಮಾತಾಗಿತ್ತು. ಸಿಕಂದರಾಬಾದಿನಲ್ಲಿ ಲೋಕಲ್ ಹತ್ತಿದೆ. ಕಿಟಕಿ ಸೀಟೂ ಸಿಕ್ಕಿತು. ಕೆಟ್ಟಿದ್ದು ಅಲ್ಲೇ.

ಯಾಕೆಂದರೆ ಜೇಬಿನಲ್ಲೊಂದು ಚೀಟಿ ಇತ್ತು. ಲಾ ಓದುವ ಮಗಳು ಲ್ಯಾಟಿನ್ ಪದಗಳನ್ನು ಉರು ಹೊಡೆಯುತ್ತಿದ್ದಾಗ "ಅದೇನ್ ಮಹಾ" ಎಂದಿದ್ದೆ.

"ಹಂಗಾರ ಇದೊಂದು ಪದ ಬಾಯಿಪಾಠ ಮಾಡ್ರಿ ಪಪ್ಪಾ. ಸಂಜೀಕ ಕೇಳ್ತೀನಿ" ಎಂದು ಬರೆದುಕೊಟ್ಟಳು.

ಪದ: ಸ್ಟುಲ್ಟಿಟಿಯ. ಅರ್ಥ: ಮೂರ್ಖತನ. (ಅವಳ ಆಯ್ಕೆಯ ಬಗ್ಗೆ ನಾನೇನೂ ಹೇಳುವುದಿಲ್ಲ.)

ಸ್ಟುಲ್ಟುಸ್ ಎಂದರೆ ಮೂರ್ಖ. ನಾವು 'ತನ' ಸೇರಿಸುವ ಹಾಗೆ ಅವರು 'ಇಟಿಯ' ಸೇರಿಸುತ್ತಾರೆ. ನಮ್ಮ ಮೂರ್ಖತನ ನಪುಂಸಕಲಿಂಗ, ಅವರದು ಸ್ತ್ರೀಲಿಂಗ. (ಇದನ್ನು ಮನೆಯಲ್ಲಿ ಹೇಳುವ ಧೈರ್ಯ ಯಾವ ಗಂಡಸಿಗಿದೆ?) ಚೀಟಿಯಲ್ಲಿ ವಿಭಕ್ತಿಗಳೂ ಇದ್ದವು. ಸ್ಟುಲ್ಟಿಟಿಯೈ, ಮೂರ್ಖತನದ. ಸ್ಟುಲ್ಟಿಟಿಯಮ್, ಮೂರ್ಖತನವನ್ನು. ಕೊನೆಗೆ ಎಳೆದು ಸ್ಟುಲ್ಟಿಟಿಯಾ ಎಂದರೆ ಮೂರ್ಖತನದಿಂದ.

ಕಣ್ಣು ಮುಚ್ಚಿ ಗುನುಗುತ್ತ ಕೂತೆ. ತೆರೆದರೆ ಚಂದಾನಗರದ ಬೋರ್ಡು. ಇದು ಆಗಲೇ ಬಂದುಹೋಗಿತ್ತಲ್ಲ? ಹೌದು. ರೈಲು ಲಿಂಗಂಪಲ್ಲಿ ಮುಟ್ಟಿ, ಖಾಲಿಯಾಗಿ, ಮತ್ತೆ ತುಂಬಿ, ನನ್ನನ್ನೂ ಹೊತ್ತುಕೊಂಡು ವಾಪಸ್ ಹೊರಟಿತ್ತು!

ಗಂಟೆ ಹನ್ನೊಂದೂವರೆ. ಇಳಿದು ಓಡಿ ಆಟೊ ಹಿಡಿದೆ. ಅಕ್ಕನಿಗೆ ಫೋನ್ ಮಾಡಿ, "ರೈಲು ಭಾಳ ಲೇಟ್ ಆಗೇತಿ ಅಕ್ಕಾ, ಬರಾಕತ್ತೀನಿ" ಎಂದೆ. ಐವತ್ತು ದಾಟಿದವನು ಅಕ್ಕನಿಗೆ ಹೇಳಿದ ಸುಳ್ಳು.

"ಆತು, ಸಾವಕಾಶ ಬಾ" ಎಂದಳು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ರೊಟ್ಟಿಗಂಟು ಹಿಡಿದು ಕೂತಿದ್ದಳು. ಆಟೊ ಹತ್ತಿದ ಮೇಲೆ ಮೆಲ್ಲಗೆ ಶುರುಮಾಡಿದಳು.

"ನಿನ್ನ ರೈಲು ಮೊದಲ ಬಂದಿತ್ತಲ್ಲೋ. ಕಿಟಕ್ಯಾಗ ನಿನ್ನ ನೋಡಿದೆ. ಕಣ್ಣು ಮುಚ್ಚಿ ಪಿಟಿಪಿಟಿ ಅನ್ನಾಕತ್ತಿದ್ದಿ. ನನ್ನ ಮೊಣಕಾಲಿನ ಸಲುವಾಗಿ ಜಪ ಮಾಡಾಕತ್ತಾನ, ನಡುವ ಕರೀಬಾರ್ದು ಅಂತ ಸುಮ್ನಿದ್ದೆ. ನೋಡೋದ್ರಾಗ ರೈಲು ಹೋತು."

ಅಂದರೆ ಫೋನಿನಲ್ಲಿ ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ಆಗಲೇ ಗೊತ್ತಿತ್ತು! ಗೊತ್ತಿದ್ದೂ ಸಾವಕಾಶ ಬಾ ಎಂದಳಲ್ಲ. ನಾಚಿಕೆಯಾಯಿತು. ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಆಸ್ಪತ್ರೆ ತಲುಪಿದಾಗ ಹನ್ನೆರಡೂ ಹತ್ತು. ಡಾಕ್ಟರ್ ಇನ್ನೂ ಬಂದಿರಲಿಲ್ಲ. (ಡಾಕ್ಟರುಗಳು ತಡಮಾಡುತ್ತಾರೆಂದು ಈ ಅಂಕಣದಲ್ಲಿ ಇನ್ನು ಬೈಯುವುದಿಲ್ಲ.) ಕಾಯುತ್ತ ಕೂತಾಗ ಚೀಟಿ ತೆಗೆದು ಎಲ್ಲ ಒಪ್ಪಿಕೊಂಡೆ.

ಅಕ್ಕ ಚೀಟಿಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಮೂರ್ಖತನಾನ ನೀ ಬಾಯಿಪಾಠ ಬ್ಯಾರೆ ಮಾಡಬೇಕಾತೇನೋ ತಮ್ಮಾ?"