ಗಣಪತಿಯ ಹಿಂದಿದ್ದ ಮುಳ್ಳು

ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ನನ್ನ ಕಾರಿಗೆ ಇಲ್ಲಿಯವರೆಗೆ ಹದಿನಾಲ್ಕು ಆಯುಧಪೂಜೆಗಳಾಗಿವೆ; ಸರ್ವೀಸು ಎಷ್ಟಾಗಿದೆ ಎಂದು ಮಾತ್ರ ಕೇಳಬೇಡಿ. ವರ್ಷಕ್ಕೊಮ್ಮೆ ಅದನ್ನು ತೊಳೆದು, ಕುಂಕುಮ ಇಟ್ಟು, ಮೂತಿಯ ಜಾಲರಿಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಬೂದುಗುಂಬಳ ಒಡೆದರೆ ನನ್ನ ಕರ್ತವ್ಯ ಮುಗಿಯಿತು. ಇಷ್ಟೆಲ್ಲ ಮರ್ಯಾದೆ ಮಾಡಿಸಿಕೊಂಡ ಮೇಲೂ ಒಂದು ಯಂತ್ರ ಆಯಿಲು, ನೀರು ಎಂದು ಪೀಡಿಸುವುದು ಅತಿಯಾಸೆ ಎಂದೇ ನಾನು ತಿಳಿದಿದ್ದೆ. ಬಾಡಿದ ಹಾರವನ್ನೂ ತೆಗೆಯುತ್ತಿರಲಿಲ್ಲ. ದೇವರ ಹೂವು, ತಾನಾಗಿ ಉದುರಲಿ ಎಂದು ಬಿಟ್ಟುಬಿಡುತ್ತಿದ್ದೆ.

ಕಾರು ಅಷ್ಟಾಗಿ ಬೇಕಾಗುತ್ತಲೂ ಇರಲಿಲ್ಲ ಅನ್ನಿ. ರಾಮನಗರದಲ್ಲಿ ನಮ್ಮ ಮನೆಯಿಂದ ನಾನಿದ್ದ ನೀರಾವರಿ ಕಚೇರಿಗೆ ಹತ್ತು ನಿಮಿಷದ ನಡಿಗೆ. ಅಲ್ಲಿ ಕೂತು ಮೂವತ್ತು ವರ್ಷ ಕಾಲುವೆಗಳ ಸೋರಿಕೆಯ ಬಗ್ಗೆ ಟಿಪ್ಪಣಿ ಬರೆದು ನಿವೃತ್ತನಾದವನು ನಾನು. ನನ್ನ ಹೆಂಡತಿ ವಿಮಲಾ ಕೂಟಗಲ್ ಕಡೆಯ ಹಳ್ಳಿಯೊಂದರಲ್ಲಿ ವಿಜ್ಞಾನದ ಮೇಡಂ. ಆಕೆಗೆ ಬಸ್ಸಿತ್ತು. ಕಾರು ಮನೆಗೆ ಬಂದ ದಿನ ಅದರ ಬಾನೆಟ್ ಸವರುತ್ತ, "ಒಂದು ದಿನ ನಿನ್ನ ಸ್ಕೂಲಿಗೆ ಇದರಲ್ಲೇ ಬಿಡ್ತೀನಿ ಕಣೇ" ಎಂದಿದ್ದೆನಂತೆ. ಅಂದದ್ದು ನನಗೆ ಮರೆತೇ ಹೋಗಿತ್ತು. ಹೋದ ವರ್ಷ ಆಕೆ ನಿವೃತ್ತಳಾಗುವ ಹಿಂದಿನ ದಿನ, ಮರುದಿನಕ್ಕೆಂದು ರೇಷ್ಮೆ ಸೀರೆ ತೆಗೆದಿಡುತ್ತ ಮೆಲ್ಲಗೆ ಕೇಳಿದಳು: "ನಾಳೆಯಾದ್ರೂ ಬಿಡ್ತೀರೇನ್ರೀ?"

ಆ 'ಆದ್ರೂ' ನನ್ನನ್ನು ಚುಚ್ಚಿತು. ಬೆಳಿಗ್ಗೆ ಹೊದಿಕೆ ಕಿತ್ತು, ಧೂಳು ಒರೆಸಿ, ಹತ್ತು ಗಂಟೆಗೆ ಹೊರಟೇಬಿಟ್ಟೆ. ಬೀಳ್ಕೊಡುಗೆ ಇದ್ದದ್ದು ಹನ್ನೊಂದಕ್ಕೆ. ಮಕ್ಕಳು ಗೇಟಿನಲ್ಲಿ ಸಾಲಾಗಿ ನಿಂತು ಕಾಯುತ್ತಾರೆ, ಅವರೆದುರು ಕಾರಿನಿಂದ ಇಳಿಯಬೇಕು. ಆಕೆಗಿದ್ದ ಆಸೆ ಇಷ್ಟೇ.

ಊರು ದಾಟಿ ಏರು ಹತ್ತುವಾಗ, "ಏನೋ ಸೀದ ವಾಸನೆ" ಎಂದಳು. "ಯಾರೋ ಹೊಲದಲ್ಲಿ ಕಸ ಸುಡ್ತಿರಬೇಕು" ಎಂದೆ. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಬುಸ್ಸೆಂದು ಹಬೆ ಎದ್ದಿತು. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

"ಕುಕ್ಕರ್ ಮುಚ್ಚಳ ಹಿಂಗೇ ತೆಗೀತೀರಾ?" ಎಂದು ವಿಮಲಾ ತರಗತಿಯ ಧ್ವನಿಯಲ್ಲಿ ಗದರಿದಳು. ನಾನು ಜನ್ಮದಲ್ಲಿ ಕುಕ್ಕರ್ ಇಟ್ಟವನಲ್ಲ, ಆದರೂ ಕೈ ಹಿಂದಕ್ಕೆ ಬಂತು. ಮುಖ ಉಳಿಯಿತು.

"ಬಿಸಿ ತೋರಿಸೋ ಮುಳ್ಳು ಇರುತ್ತಲ್ಲ, ಅದೇನು ಹೇಳ್ತಿತ್ತು?" ಎಂದು ಕೇಳಿದಳು.

ಆ ಮುಳ್ಳನ್ನು ನಾನು ನೋಡಿಯೇ ಇರಲಿಲ್ಲ. ಕಾರು ತಂದ ದಿನವೇ, ಓಡಿಸುವಾಗ ಸದಾ ಕಣ್ಣಿಗೆ ಬೀಳಲಿ ಎಂದು ಬೆಳ್ಳಿಬಣ್ಣದ ಗಣಪತಿಯೊಂದನ್ನು ಸ್ಟೇರಿಂಗಿನ ಹಿಂದಿನ ಮೀಟರುಗಳ ಗಾಜಿಗೆ ಅಂಟಿಸಿದ್ದೆ. ವಿಘ್ನ ಬರುತ್ತಿದೆ ಎಂದು ಹೇಳಬೇಕಾದ ಮುಳ್ಳು ಸರಿಯಾಗಿ ವಿಘ್ನೇಶ್ವರನ ಹೊಟ್ಟೆಯ ಹಿಂದೆ ಕೂತಿತ್ತು. ಬಗ್ಗಿ ಓರೆಯಿಂದ ಇಣುಕಿದರೆ ಕೆಂಪು ಗೆರೆಯನ್ನೂ ದಾಟಿ ನಿಂತಿದೆ.

ಎಂಜಿನ್ ತಣಿಯುವವರೆಗೆ ಏನೂ ಮಾಡುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ನನಗೆ ತತ್ತ್ವಜ್ಞಾನ ಹೊಳೆಯುತ್ತದೆ. ನಮ್ಮ ಹಿರಿಯರು ಬೆಂಕಿಯನ್ನು ನಂಬುತ್ತಿದ್ದರು, ಆದರೆ ಪಕ್ಕದಲ್ಲಿ ನೀರಿಟ್ಟುಕೊಂಡೇ ನಂಬುತ್ತಿದ್ದರು. ಹೋಮಕುಂಡದ ಬದಿಗೆ ಕಲಶ. ಹೊಟ್ಟೆಯಲ್ಲೂ ಒಂದು ಅಗ್ನಿ ಉಂಟು ಎಂದು ಕಂಡುಕೊಂಡವರು ಎಲೆಯ ಪಕ್ಕ ಒಂದು ಲೋಟ ನೀರನ್ನೂ ಇಟ್ಟರು. ಎಂಜಿನ್ನಿನದೂ ಇದೇ ಸಂಸಾರ ತಾನೇ ಎಂದು ನಾನು ವಿವರಿಸುತ್ತಿದ್ದರೆ ವಿಮಲಾ ಗಡಿಯಾರ ನೋಡುತ್ತಿದ್ದಳು.

ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಹಿಡಿದೇ ಬಂದಳು. ಹೆಸರು ಜಯಮ್ಮ. ನಾನು, "ನೀರು ಖಾಲಿಯಾಗಿದೆ ಕಣಮ್ಮ, ಒಂದು ಬಿಂದಿಗೆ ಸಿಕ್ಕರೆ ಸಾಕು" ಎಂದೆ.

"ಖಾಲಿ ಆಗೈತೆ ಅಂದ್ರೆ ಎಲ್ಲೋ ಓಗೈತೆ ಅಂತ ತಾನೇ ಸಾರ್? ಅದನ್ನ ಮೊದ್ಲು ನೋಡ್ಬೇಕು. ನಮ್ಮ ಪಂಪ್‌ಸೆಟ್ಟೂ ಇಂಗೇಯ" ಎಂದಳು.

ಮೂವತ್ತು ವರ್ಷ ಸೋರಿಕೆಯ ಫೈಲು ನೋಡಿದವನಿಗೆ ಇದಕ್ಕಿಂತ ಚಿಕ್ಕ, ಚೊಕ್ಕ ಟಿಪ್ಪಣಿ ಸಿಕ್ಕಿರಲಿಲ್ಲ. ಅಷ್ಟರಲ್ಲಿ ವಿಮಲಾಳ ಎಂದಿನ ಬಸ್ಸು ತನ್ನ ಎರಡನೇ ಟ್ರಿಪ್ಪಿಗೆ ಬಂತು. ಡ್ರೈವರ್ ತಾನಾಗಿಯೇ ನಿಲ್ಲಿಸಿದ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬನ್ನಿ ಮೇಡಂ, ನಿಮ್ ಸೀಟು ಖಾಲಿ ಐತೆ" ಎಂದ.

ನನಗೆ ಮುಖ ಎತ್ತಲಾಗಲಿಲ್ಲ. "ಬಸ್ ಹತ್ತು, ವಿಮಲಾ. ಇದಾಗಲೇ ಹತ್ತೂವರೆ. ನಾನು ಹಿಂದೆ ಬರ್ತೀನಿ" ಎಂದೆ.

ಆಕೆ ಬಸ್ಸನ್ನು ನೋಡಿದಳು, ಹಬೆಯಾಡುವ ಕಾರನ್ನು ನೋಡಿದಳು. "ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನಾನೂ ಲೇಟಾಗಿ ಹೋಗಿಲ್ಲ. ಇವತ್ತು ಆಗಲಿ ಬಿಡಿ. ಯಾರು ಕೇಳ್ತಾರೆ ನೋಡೋಣ" ಎಂದು ಕಂಡಕ್ಟರಿಗೆ ಕೈ ಬೀಸಿದಳು. ಶಾಲೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಸೀರೆಯ ನೆರಿಗೆ ಎತ್ತಿ ಹಿಡಿದು ಬದುವಿನ ಮೇಲೆ ಕೂತೇಬಿಟ್ಟಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಬಿಸಿ ಇಳಿದ ಮೇಲೆ ಜಯಮ್ಮ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದಳು. ಮೇಲಿನ ಪೈಪು ರೇಡಿಯೇಟರಿಗೆ ಕೂಡುವಲ್ಲಿ ಬಿಳಿ ಕರೆ ಕಟ್ಟಿತ್ತು. ಅಲುಗಿಸಿದರೆ ಎಂಟು ವರ್ಷದ ಮಗುವಿನ ಹಲ್ಲಿನ ಹಾಗೆ ಅಲ್ಲಾಡಿತು. "ನೋಡಿ, ಇಲ್ಲೇ ಓಯ್ತಾ ಇರೋದು. ಪಟ್ಟಿ ಸಡ್ಲ ಆಗ್ಬುಟ್ಟೈತೆ." ಕುಡುಗೋಲಿನ ತುದಿಯಿಂದಲೇ ಸ್ಕ್ರೂ ಬಿಗಿದಳು. ಅದರ ಮೇಲೆ, ಪಂಪ್‌ಸೆಟ್ಟಿನ ಹತ್ತಿರದಿಂದ ತಂದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಎಳೆದು ಸುತ್ತಿದಳು. ಆಮೇಲೆ ಜಾಲರಿಯೊಳಗೆ ಇಣುಕಿದವಳು ಬೆರಳು ತೂರಿಸಿ ಏನನ್ನೋ ಕಿತ್ತಳು: ಒಣಗಿದ ಚೆಂಡುಹೂವು, ದಾರದ ಸಮೇತ. ಕಿತ್ತಷ್ಟೂ ಬರುತ್ತಿತ್ತು.

"ಇದೇನ್ ಸಾರ್, ಒಳಗೆ ಊವಿನ ತಿಪ್ಪೆ ಮಡಗಿದ್ದೀರಾ? ಗಾಳಿ ಎಲ್ಲಿಂದ ಬಂದಾತು?" ಎಂದು ವಿಮಲಾಳ ಕಡೆ ತಿರುಗಿದಳು. "ಮೇಡಮ್ಮೋರೇ, ನಿಮ್ ಯಜಮಾನ್ರು ಪೂಜೆ ಚೆನ್ನಾಗಿ ಮಾಡ್ತಾರೆ. ಒಸಿ ನೀರೂ ನೋಡಾಕೆ ಯೋಳಿ."

"ನಾನು ಹೇಳಿದ್ರೆ ಕೇಳಲ್ಲ, ನೀವೇ ಹೇಳಿ" ಎಂದು ವಿಮಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಜಯಮ್ಮ ತಂದುಕೊಟ್ಟ ಬಿಂದಿಗೆ ನೀರು ತುಂಬಿಸಿಕೊಂಡು ಶಾಲೆ ಮುಟ್ಟಿದಾಗ ಹನ್ನೊಂದೂಮುಕ್ಕಾಲು. ಮಕ್ಕಳು ಗೇಟಿನಲ್ಲೇ ಇದ್ದರು. ವಿಮಲಾ ಸೆರಗಿನ ಧೂಳು ಕೊಡವಿ ಕಾರಿನಿಂದ ಇಳಿದಳು. "ಮಿಸ್ ಲೇಟು! ಮಿಸ್ ಲೇಟು!" ಎಂದು ಮಕ್ಕಳೆಲ್ಲ ಕೇಕೆ ಹಾಕಿದರು. ಆಕೆ ಕಿವಿ ಹಿಡಿದುಕೊಂಡು ಒಂದು ಬಸ್ಕಿ ಹೊಡೆದಳು. ಆ ಮುಖ ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಈಗ ಹಾರವನ್ನು ಹಿಂದೆ ಡಿಕ್ಕಿಗೆ ಹಾಕುತ್ತೇನೆ. ಗಾಡಿ ರಿವರ್ಸಿನಲ್ಲೇ ಓಡುತ್ತದೆಯೇ ಎಂದು ಬೀದಿಯವರು ಕೇಳುತ್ತಾರೆ, ಕೇಳಲಿ. ಗಣಪತಿ ಎಡಗಡೆಗೆ ಸರಿದು ಆರಾಮಾಗಿದ್ದಾನೆ. ಹೊರಡುವ ಮುನ್ನ ಪೈಪುಗಳನ್ನು ಒತ್ತಿ, ನೀರು ನೋಡುತ್ತೇನೆ. ದಾರಿಯಲ್ಲಿ ಆಗಾಗ ಮುಳ್ಳನ್ನು ನೋಡುತ್ತೇನೆ, ಹಾಗೇ ಪಕ್ಕದ ಸೀಟಿನ ಮುಖವನ್ನೂ ಒಮ್ಮೆ. ಅಲ್ಲಿ ಯಾವ ಗಣಪತಿಯೂ ಅಡ್ಡ ಇರಲಿಲ್ಲ; ಆದರೂ ನನಗೆ ಅಷ್ಟು ವರ್ಷ ಕಂಡಿರಲಿಲ್ಲ.

"ನನ್ನನ್ನೇನು ನೋಡ್ತೀರಿ? ರಸ್ತೆ ನೋಡಿ" ಎನ್ನುತ್ತಾಳೆ.