ಸ್ಪಿರಿಟ್ಟು, ಪೌಡರು ಮತ್ತು ನಮ್ಮ ರಿಸರ್ಚ್ ಮೇಡಂ

ನಮ್ಮ ರಿಸರ್ಚ್ ಮೇಡಂ ತುರುಬಿನಲ್ಲಿ ಕೆಂಪು ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಸರಕ್ಕನೆ ಅದನ್ನು ಎಳೆದರೆ ತುರುಬು ಅರ್ಧ ಜಾರುತ್ತಿತ್ತು, ಯಾರದೋ ಉತ್ತರ ಪೂರ್ತಿ ಹೋಗುತ್ತಿತ್ತು. ಆ ಪೆನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವವರು ಬೇರೆ ಯಾರಾದರೂ ಬರೆದುಕೊಳ್ಳಲಿ.

ಪದ್ಮನಾಭನಗರದ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಆಕೆ ಕಲಿಸುತ್ತಿದ್ದುದು ಸಂಶೋಧನಾ ವಿಧಾನ, ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್. ಅಂದರೆ ರೂಢಿಯೆಂದು ಮಾಡದೆ, ಪುರಾವೆ ನೋಡಿ ಶುಶ್ರೂಷೆ ಮಾಡುವುದು. ಅದರ ವ್ಯಾಖ್ಯೆಯನ್ನು ಮಗ್ಗಿಯ ಹಾಗೆ ಒಕ್ಕೊರಲಿನಿಂದ ಹೇಳಿಸುತ್ತಿದ್ದರು. ಒಂದು ಪದ ಆಚೀಚೆಯಾದರೆ ಮಾರ್ಕು ಖೋತಾ. ಪುರಾವೆ ಹುಡುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ, “ಪ್ರಶ್ನೆ ಇರೋದು ಕ್ವೆಶ್ಚನ್ ಪೇಪರ್‌ನಲ್ಲಿ ಕಣಮ್ಮಾ, ಕ್ಲಾಸಲ್ಲಲ್ಲ” ಎನ್ನುತ್ತಿದ್ದರು. ಮೇಲೆ ನಗು ಬೇರೆ.

ಮೂರನೇ ವರ್ಷ ನಮ್ಮನ್ನು ವಾರ್ಡಿಗೆ ಹಾಕಿದಾಗ ತ್ಯಾಗರಾಜನಗರದ ಅಜ್ಜಿಯೊಬ್ಬರು ಸೊಂಟ ಮುರಿದುಕೊಂಡು ಮಲಗಿದ್ದರು. ಬೆನ್ನಿನ ಕೆಳಗೆ ಮೂಳೆ ಒತ್ತುವ ಜಾಗ ಕೆಂಪಾಗಿತ್ತು. ಅಂಥ ಕಡೆ ಸ್ಪಿರಿಟ್ ಹಚ್ಚಿ, ಚೆನ್ನಾಗಿ ಉಜ್ಜಿ, ಪೌಡರ್ ಹಾಕುವುದು ಹಳೆಯ ಪದ್ಧತಿ. ಕೆಂಪಾದ ಮೇಲೆ ಉಜ್ಜಿದರೆ ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ, ಮಗ್ಗುಲು ಬದಲಿಸಿ ಒತ್ತಡ ತಪ್ಪಿಸಬೇಕು ಎಂದು ನಾನು ಲೈಬ್ರರಿಯಲ್ಲಿ ಓದಿದ್ದೆ. ಹಾಗೆಂದು ಮೇಡಂಗೆ ಹೇಳಿದೆ.

“ಓಹೋ, ನಮಗೇ ಪಾಠ ಹೇಳೋಕೆ ಬಂದ್ಬಿಟ್ಳು! ಪ್ರೊಸೀಜರ್ ಬುಕ್‌ನಲ್ಲಿ ಏನಿದೆ?”

“ಉಜ್ಜಬೇಕು ಅಂತಿದೆ ಮೇಡಂ. ಆದ್ರೆ ಅದು ಹಳೇದು.”

“ಉಜ್ಜು.”

“ಉಜ್ಜಲ್ಲ ಮೇಡಂ.”

ಬಾಟಲಿಯನ್ನು ನನ್ನ ಕೈಯಿಂದ ಕಿತ್ತು ಪಕ್ಕದ ಹುಡುಗಿಗೆ ಕೊಟ್ಟರು. ಪಾಪ, ಅವಳು ಇಂಟರ್ನಲ್ ಮಾರ್ಕಿಗೆ ಹೆದರಿ ಮೈಬಲವೆಲ್ಲ ಹಾಕಿ ಉಜ್ಜಿದಳು. “ಅಯ್ಯೋ, ಉರಿಯುತ್ತೆ ಕಣಮ್ಮಾ” ಎಂದು ಅಜ್ಜಿ ಮಂಚದ ಕಂಬಿ ಹಿಡಿದುಕೊಂಡರು. ವಾರದೊಳಗೆ ಅಲ್ಲಿ ಹುಣ್ಣು ಬಾಯಿಬಿಟ್ಟಿತು. “ವಯಸ್ಸಾದ ಚರ್ಮ, ಇನ್ನೇನಾಗುತ್ತೆ” ಎಂದು ಮೇಡಂ ಮುಂದಿನ ಮಂಚಕ್ಕೆ ನಡೆದರು. ಈ ಹೆಂಗಸು ಪುಸ್ತಕ ಮುಟ್ಟಿ ಯಾವ ಕಾಲವಾಯಿತೋ, ನಮಗೆ ಓದಿಸಲು ಬಂದಿದ್ದಾಳೆ ಎಂದು ಹಾಸ್ಟೆಲಿನಲ್ಲಿ ಬೈದುಕೊಂಡು ತಿರುಗಿದೆ.

ಹೋದ ವರ್ಷ ಮೇಡಂಗೆ ಲಕ್ವ ಹೊಡೆಯಿತು. ಜಯನಗರದಲ್ಲಿ ನಾನು ಕೆಲಸ ಮಾಡುವ ವಾರ್ಡಿಗೇ ಬಂದರು. ತುರುಬಿಲ್ಲ, ಪೆನ್ನಿಲ್ಲ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಒಂದು ಬೆಳಿಗ್ಗೆ ಬೆನ್ನು ಕೆಂಪಾಗಿರುವುದನ್ನು ನೋಡಿ ಆಕೆಯದೇ ಶಿಷ್ಯೆ, ನಮ್ಮ ಕಾಲೇಜಿನ ಹುಡುಗಿ, ಸ್ಪಿರಿಟ್ ಬಾಟಲಿ ಹಿಡಿದು ಬಂದಳು. ಮೇಡಂ ಎಡಗೈಯಲ್ಲಿ ನನ್ನ ತೋಳು ಹಿಡಿದರು.

“ಬೇಡ... ಉಜ್ಜಬೇಡ ಅನ್ನು ಅವಳಿಗೆ. ಕೆಂಪಾಗಿದೆ ಅಲ್ವಾ?”

“ಇದನ್ನ ಯಾವಾಗ ಓದಿದ್ರಿ ಮೇಡಂ?”

“ಆಗ್ಲೇ ಓದಿದ್ದೆ ಕಣೇ. ನಿನಗಿಂತ ಮುಂಚೆ.” ನಾಲಿಗೆ ತೊದಲುತ್ತಿತ್ತು. “ಎಕ್ಸಾಮಿನರ್ ಓದಿರ್ಲಿಲ್ಲ. ಉಜ್ಜದಿದ್ರೆ ನಿಮ್ಮನ್ನೆಲ್ಲ ಫೇಲ್ ಮಾಡೋರು.”

ಥೂ! ದಡ್ಡಿಯಾಗಿದ್ದರೆ ಕ್ಷಮಿಸಬಹುದಿತ್ತು.

ಹುಡುಗಿಯ ಕೈಯಿಂದ ಬಾಟಲಿ ತೆಗೆದಿಟ್ಟು, ಇಬ್ಬರೂ ಸೇರಿ ಆಕೆಯನ್ನು ಮಗ್ಗುಲಿಗೆ ತಿರುಗಿಸಿದೆವು. ಏಕೆ ಎಂದು ಹುಡುಗಿಗೆ ಹೇಳಿಕೊಟ್ಟೆ. ಕೊನೆಯ ತನಕ ಹೊತ್ತುಹೊತ್ತಿಗೆ ತಿರುಗಿಸಿದೆವು. ಆಕೆ ತೀರಿಕೊಂಡ ದಿನ ಮೈ ಒರೆಸುವಾಗ ಬೆನ್ನು ನೋಡಿದೆ. ಕೆಂಪೂ ಇರಲಿಲ್ಲ, ಹುಣ್ಣೂ ಇರಲಿಲ್ಲ. ಅಜ್ಜಿಯ ಬೆನ್ನೂ ಹಾಗೇ ಇರಬಹುದಿತ್ತು.